ಕಾಲರ್‌ಬೋನ್ ಮುರಿದರೆ: ಸಣ್ಣ ಗಾಯದ ಆಪರೇಷನ್ ಯಾರಿಗೆ, ಯಾವಾಗ, ಹೇಗೆ

ಕೊಡಗಿನಲ್ಲಿ ಕಾಲರ್‌ಬೋನ್ (ಎದೆಮೂಳೆಯಿಂದ ಹೆಗಲಿಗೆ ಹೋಗುವ ಮೂಳೆ) ಮುರಿಯುವುದಕ್ಕೂ ಕಾಲಮಾನವಿದೆ. ಫೆಬ್ರವರಿ-ಮಾರ್ಚ್‌ನಲ್ಲಿ ಕರಿಮೆಣಸು ಕೊಯ್ಯುವವರು ಏಣಿಯಿಂದ ಬೀಳುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಹಾಕಿ ಮೈದಾನದಲ್ಲಿ ಡಿಕ್ಕಿ ಹೊಡೆದು ಬೀಳುವವರು, ಮಳೆಗೆ ಮುಂಚೆ ಮರಗಸಿಗೆ (ತೋಟದ ನೆರಳು ಮರದ ಕೊಂಬೆ ಕಡಿಯಲು) ಹತ್ತಿ ಜಾರುವವರು, ಜೂನ್ ಹಿಡಿದ ಮೇಲೆ ಪಾಚಿಗಟ್ಟಿದ ರಸ್ತೆಯಲ್ಲಿ ಬೈಕ್ ಸಮೇತ ಬೀಳುವವರು. ಇವರಲ್ಲಿ ಹೆಚ್ಚಿನವರು ಕೈಯೂರಿ ಬಿದ್ದವರಲ್ಲ, ಹೆಗಲನ್ನೇ ನೆಲಕ್ಕೆ ಬಡಿದುಕೊಂಡವರು. ಆ ಹೊಡೆತವನ್ನು ಎದೆಗೂಡಿಗೆ ದಾಟಿಸುವ ಒಂದೇ ಮೂಳೆ ಕಾಲರ್‌ಬೋನ್. ಅದರ ನಡುಭಾಗ ಸಣ್ಣಗಿದೆ, ಅಲ್ಲಿ ಗಟ್ಟಿ ಸ್ನಾಯು, ಕಟ್ಟುಗಳ ಆಸರೆಯೂ ಕಡಿಮೆ. ಹಾಗಾಗಿ 100ರಲ್ಲಿ ಸುಮಾರು 80 ಸಲ ಮುರಿಯುವುದು ಅಲ್ಲೇ.

ಈಗ ಸಣ್ಣ ತೂತು ಮಾಡಿ ರಾಡ್ ಹಾಕುವ ಆಪರೇಷನ್ ಇದೆ ಎಂದು ಕೇಳಿದವರೆಲ್ಲ ಅದನ್ನೇ ಮಾಡಿ ಅನ್ನುತ್ತಾರೆ. ಗಾಯ ಎಷ್ಟು ಸಣ್ಣದು ಎಂಬುದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೂಳೆ ಎಲ್ಲಿ, ಎಷ್ಟು ತುಂಡಾಗಿ, ಎಷ್ಟು ಜಾರಿ ಮುರಿದಿದೆ, ಮುರಿದು ಎಷ್ಟು ದಿನವಾಯಿತು ಎಂಬ ಲೆಕ್ಕಕ್ಕೆ ಮೊದಲು ಉತ್ತರ ಸಿಗಬೇಕು. ಆಪರೇಷನ್ ಬೇಕೇ ಬೇಡವೇ, ಬೇಕಾದರೆ ಯಾವುದು ಎಂಬುದನ್ನು ಈ ಉತ್ತರಗಳೇ ಹೇಳಿಬಿಡುತ್ತವೆ.

ಬಿದ್ದ ಜಾಗದಲ್ಲೇ

ಏಣಿ ಅಥವಾ ಮರದಿಂದ ಬಿದ್ದವರಿಗೆ ಕುತ್ತಿಗೆ ನೋವಿದ್ದರೆ, ಎಚ್ಚರ ತಪ್ಪಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ ಎಬ್ಬಿಸಿ ಕೂರಿಸಬೇಡಿ. ಅಲ್ಲಾಡಿಸದೆ ಮಲಗಿಸಿಟ್ಟು 108ಕ್ಕೆ ಕರೆ ಮಾಡಿ. ನೆಟ್‌ವರ್ಕ್ ಸಿಗದ ತೋಟವಾದರೆ ಒಬ್ಬರು ಸಿಗ್ನಲ್ ಇರುವ ಕಡೆಗೆ ಓಡಲಿ, ಇನ್ನೊಬ್ಬರು ಬಿದ್ದವರ ಬಳಿ ಇರಲಿ.

ಹೆಗಲು ಮಾತ್ರ ಪೆಟ್ಟಾಗಿದೆ ಎಂದು ಖಾತ್ರಿಯಾದರೆ ತೋಳನ್ನು ಎತ್ತಿ ಇಳಿಸಿ ಪರೀಕ್ಷೆ ಮಾಡುವ ಗೋಜಿಗೆ ಹೋಗಬೇಡಿ. ಮುರಿದವರು ತಾವಾಗಿಯೇ ಇನ್ನೊಂದು ಕೈಯಿಂದ ಮೊಣಕೈ ಹಿಡಿದು ಎದೆಗೆ ಒತ್ತಿಕೊಂಡಿರುತ್ತಾರೆ. ಆ ಭಂಗಿಯಲ್ಲೇ ಪಂಚೆಯನ್ನೋ ಶಾಲನ್ನೋ ಮುಕ್ಕೋನ ಮಡಿಸಿ ಜೋಳಿಗೆ ಕಟ್ಟಿ. ಮೊಣಕೈ 90 ಡಿಗ್ರಿ ಮಡಿದಿರಲಿ, ಅಂಗೈ ಮೊಣಕೈಗಿಂತ ತುಸು ಮೇಲಿರಲಿ, ಗಂಟು ಮುರಿಯದ ಕಡೆಗೆ ಬರಲಿ. ಉಂಗುರ, ಬಳೆ, ವಾಚ್ ಆಗಲೇ ತೆಗೆಯಿರಿ. ಸಂಜೆಗೆ ಬೆರಳು ಊದಿದರೆ ಕತ್ತರಿಸಬೇಕಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ ಇಡಬಹುದು. ಎಣ್ಣೆ ಹಚ್ಚಿ ನೀವುವುದು ಬೇಡ: ಮುರಿದ ತುದಿ ಚೂಪಾಗಿರುತ್ತದೆ, ಅದರ ಹಿಂದೆಯೇ ತೋಳಿಗೆ ಹೋಗುವ ದೊಡ್ಡ ರಕ್ತನಾಳ, ನರಗಳಿವೆ, ಸ್ವಲ್ಪ ಕೆಳಗೆ ಶ್ವಾಸಕೋಶದ ತುದಿ. ಜೀಪಿನಲ್ಲಿ ಹೋಗುವುದಾದರೆ ಮುಂದಿನ ಸೀಟಿನಲ್ಲಿ ಒರಗಿ ಕೂರಿಸಿ. ಪಿಕಪ್‌ನ ಹಿಂದೆ ಮಲಗಿಸಿದರೆ ತೋಟದ ರಸ್ತೆಯ ಪ್ರತಿ ಗುಂಡಿಯೂ ಮುರಿದ ಜಾಗಕ್ಕೇ ಹೊಡೆಯುತ್ತದೆ.

ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ಚರ್ಮವನ್ನು ಒಳಗಿನಿಂದ ತಳ್ಳಿ ಆ ಜಾಗ ಬಿಳಿಚಿಕೊಂಡಿದ್ದರೆ, ಕೈ ತಣ್ಣಗಾಗಿದ್ದರೆ ಅಥವಾ ಜೋಮು ಹಿಡಿದಿದ್ದರೆ, ಉಸಿರಾಡಲು ಕಷ್ಟವಾಗುತ್ತಿದ್ದರೆ ನಾಳೆ ನೋಡೋಣ ಅನ್ನುವಂತಿಲ್ಲ. ಇಂಥವರಿಗೆ ಡಾಕ್ಟರು ನೋಡುವವರೆಗೆ ಕಾಫಿ, ತಿಂಡಿ ಏನೂ ಕೊಡಬೇಡಿ.

ಎಕ್ಸ್-ರೇ: ಒಂದು ಸಾಲದು

ಒಂದೇ ಕೋನದಿಂದ ತೆಗೆದ ಎಕ್ಸ್-ರೇಯಲ್ಲಿ ಕಾಲರ್‌ಬೋನ್ ಮೋಸ ಮಾಡುತ್ತದೆ. ನೇರವಾಗಿ ಒಂದು, ಟ್ಯೂಬನ್ನು ಕೆಳಗಿನಿಂದ ತಲೆಯ ಕಡೆಗೆ ಓರೆ ಮಾಡಿ ಇನ್ನೊಂದು ಬೇಕು. ಸಾಧ್ಯವಾದರೆ ನಿಂತುಕೊಂಡು ತೆಗೆಸಿ. ಮಲಗಿದಾಗ ತೋಳಿನ ಭಾರ ಇಳಿದು ತುಂಡುಗಳು ಹತ್ತಿರ ಬಂದಂತೆ ಕಾಣುತ್ತವೆ. ಮೂಳೆ ಜಾರಿಲ್ಲ ಎಂದು ಅಲ್ಲಿ ಬರೆದದ್ದು ನಿಂತಾಗ ಪೂರ್ತಿ ಜಾರಿರಬಹುದು. ಎರಡೂ ಕಡೆಯ ಕಾಲರ್‌ಬೋನ್ ಒಂದೇ ಫಿಲ್ಮಿನಲ್ಲಿ ಬಂದರೆ ಮುರಿದದ್ದು ಎಷ್ಟು ಗಿಡ್ಡವಾಗಿದೆ ಎಂದು ಅಳೆಯಬಹುದು. ಎತ್ತರದಿಂದ ಬಿದ್ದವರಿಗೆ, ಬೈಕ್ ಅಪಘಾತದವರಿಗೆ ಎದೆಯ ಎಕ್ಸ್-ರೇಯೂ ಆಗಲೇಬೇಕು. ಪಕ್ಕೆಲುಬು ಮುರಿದು ಶ್ವಾಸಕೋಶದ ಸುತ್ತ ಗಾಳಿ ಸೇರಿದ್ದನ್ನು ನೋಡದೆ ಪೂರ್ತಿ ಅರಿವಳಿಕೆ ಕೊಟ್ಟರೆ ಅಪಾಯ.

ಜಾರುವುದು ಯಾಕೆ ಅಂದರೆ, ಕುತ್ತಿಗೆಯ ಸ್ನಾಯು ಒಳಗಿನ ತುಂಡನ್ನು ಮೇಲಕ್ಕೆ ಎಳೆಯುತ್ತದೆ, ಇಡೀ ತೋಳಿನ ಭಾರ ಹೊರಗಿನ ತುಂಡನ್ನು ಕೆಳಕ್ಕೆ ಜಗ್ಗುತ್ತದೆ, ಎದೆಯ ಸ್ನಾಯು ಅದನ್ನು ಒಳಕ್ಕೆ ಸೆಳೆಯುತ್ತದೆ. ಒಂದು ತುದಿ ಇನ್ನೊಂದರ ಮೇಲೆ ಏರಿ ಹೆಗಲು ಗಿಡ್ಡವಾಗಿ, ಮುಂದಕ್ಕೆ ಬಾಗಿದಂತೆ ಕಾಣುವುದು ಇದರಿಂದಲೇ. ಹೊರಗಿನಿಂದ ಎಷ್ಟು ಬಿಗಿಯಾಗಿ ಕಟ್ಟಿದರೂ ಈ ಮೂರು ಎಳೆತ ನಿಲ್ಲುವುದಿಲ್ಲ. ನಾಟಿ ಕಟ್ಟಾಗಲಿ, ಎರಡೂ ಹೆಗಲಿಗೆ ಹಾಕಿ ಬೆನ್ನಿಗೆ ಬಿಗಿಯುವ ಎಂಟರ ಆಕಾರದ ಪಟ್ಟಿಯಾಗಲಿ ಜಾರಿದ ಮೂಳೆಯನ್ನು ಜಾಗಕ್ಕೆ ತಂದು ಹಿಡಿದಿಡುವುದಿಲ್ಲ. ಆ ಪಟ್ಟಿಗಿಂತ ಸಾದಾ ಸ್ಲಿಂಗ್ (ಕುತ್ತಿಗೆಗೆ ಹಾಕಿ ಕೈ ಹೊರುವ ಜೋಳಿಗೆ) ಹಿತ, ಮೂಳೆ ಕೂಡುವುದರಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಪಟ್ಟಿ ಬಿಗಿಯಾದರೆ ಕಂಕುಳ ಕೊರೆದು ಕೈ ಜೋಮು ಹಿಡಿಸುವುದೊಂದು ಹೆಚ್ಚುವರಿ ಉಪದ್ರವ.

ಆಪರೇಷನ್ ಬೇಕೇ?

ಜಾರದ ಮುರಿತಕ್ಕೆ ಬೇಡ. ಮಕ್ಕಳಿಗೆ ಬಹುತೇಕ ಬೇಡವೇ ಬೇಡ: ಮೂರರಿಂದ ಆರು ವಾರದಲ್ಲಿ ಕೂಡುತ್ತದೆ, ಮೇಲೆದ್ದ ಗಂಟು ಒಂದೆರಡು ವರ್ಷದಲ್ಲಿ ತಾನೇ ಸವೆಯುತ್ತದೆ. ದೊಡ್ಡವರಿಗೆ ಸ್ಲಿಂಗ್ ಹಾಕಿದರೆ ಆರರಿಂದ ಹನ್ನೆರಡು ವಾರ.

ಚರ್ಮ ಸೀಳಿದ್ದರೆ, ಸೀಳುವ ಹಾಗಿದ್ದರೆ, ರಕ್ತನಾಳ ಅಥವಾ ನರಕ್ಕೆ ಪೆಟ್ಟಾಗಿದ್ದರೆ, ಹೆಗಲ ಹಲಗೆಯ ಕುತ್ತಿಗೆಯೂ ಮುರಿದು ಇಡೀ ಭುಜ ಜೋತುಬಿದ್ದಿದ್ದರೆ ಚರ್ಚೆಯಿಲ್ಲ, ಆಪರೇಷನ್ನೇ. ಚರ್ಚೆ ಇರುವುದು ನಡುಭಾಗ ಪೂರ್ತಿ ಜಾರಿದ, 2 ಸೆಂ.ಮೀ.ಗಿಂತ ಹೆಚ್ಚು ಗಿಡ್ಡವಾದ, ಅಥವಾ ಚೂರು ಅಡ್ಡಲಾಗಿ ತಿರುಗಿ ನಿಂತ ಮುರಿತದಲ್ಲಿ. ಇಂಥ ಜಾರಿದ ಮುರಿತವನ್ನು ಸ್ಲಿಂಗಿನಲ್ಲೇ ಬಿಟ್ಟರೆ 100ರಲ್ಲಿ ಸುಮಾರು 15 ಜನರಿಗೆ ಮೂಳೆ ಕೂಡುವುದಿಲ್ಲ. ಆಪರೇಷನ್ ಮಾಡಿದರೆ ಅದು ಎರಡರ ಆಸುಪಾಸಿಗೆ ಇಳಿಯುತ್ತದೆ. ತಿರುಗಿಸಿ ನೋಡಿದರೆ, ಏನೂ ಮಾಡದೆಯೇ 85 ಜನರಿಗೆ ಕೂಡುತ್ತದೆ, ಕೂಡಿದವರ ಕೈ ವರ್ಷದ ಹೊತ್ತಿಗೆ ಆಪರೇಷನ್ ಆದವರ ಕೈಗಿಂತ ಹೆಚ್ಚೇನೂ ಹಿಂದಿರುವುದಿಲ್ಲ. ಮನೆಯಲ್ಲಿ ಹಗುರ ಕೆಲಸ ಮಾಡಿಕೊಂಡಿರುವ 70 ವರ್ಷದವರಿಗೆ ಎಕ್ಸ್-ರೇ ನೋಡಿ ಗಾಬರಿಯಾಗಿ ಆಪರೇಷನ್ ಮಾಡಿಸುವುದರಲ್ಲಿ ನಮಗೆ ಅರ್ಥ ಕಾಣುವುದಿಲ್ಲ. ಏಣಿ ಹತ್ತಿ ತಲೆಯ ಮೇಲೆ ಕೈಯೆತ್ತಿ ದುಡಿಯುವ 30ರ ಕಾರ್ಮಿಕನಿಗೆ ಅದೇ ಎಕ್ಸ್-ರೇ ಬೇರೆ ಮಾತು ಹೇಳುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಕೂಡದಿರುವ ಸಾಧ್ಯತೆ ಎರಡೂ ದಾರಿಯಲ್ಲಿ ಹೆಚ್ಚು.

ನೈಲೋ ಪ್ಲೇಟೋ

ಸಣ್ಣ ಗಾಯದಲ್ಲಿ ಮಾಡುವ ಆಪರೇಷನ್ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಆಸ್ಪತ್ರೆಗಳಲ್ಲಿ ಟೆನ್ಸ್ ಎಂದು ಕರೆಯುವ ಟೈಟಾನಿಯಂ ನೈಲ್. 2ರಿಂದ 3.5 ಮಿ.ಮೀ. ದಪ್ಪದ, ಬಳುಕುವ ರಾಡ್ ಇದು. ಎದೆಮೂಳೆಯ ಬಳಿ ಒಂದೂವರೆ ಸೆಂ.ಮೀ. ಗಾಯ ಮಾಡಿ ಮೂಳೆಯ ಒಳಗಿನ ಟೊಳ್ಳಿನಲ್ಲಿ ಹೊರತುದಿಯವರೆಗೆ ತೂರಿಸುತ್ತಾರೆ. ಕಾಲರ್‌ಬೋನ್ ಇಂಗ್ಲಿಷ್ ಎಸ್ ಅಕ್ಷರದಂತೆ ಬಾಗಿದೆ. ಆ ಬಾಗಿನಲ್ಲಿ ಸಾಗಿದ ನೈಲ್ ಒಳಗೋಡೆಯನ್ನು ಮೂರು ಕಡೆ ಒತ್ತಿ ಹಿಡಿಯುತ್ತದೆ. ಮುರಿದ ಜಾಗವನ್ನು ಬಿಚ್ಚದ ಕಾರಣ ಅಲ್ಲಿ ಹೆಪ್ಪುಗಟ್ಟಿದ ರಕ್ತ ಹಾಗೇ ಉಳಿಯುತ್ತದೆ, ಹೊಸ ಮೂಳೆ ಹುಟ್ಟುವುದು ಅದರಿಂದಲೇ.

ಅಡ್ಡಕ್ಕೆ ಅಥವಾ ತುಸು ಓರೆಯಾಗಿ ಎರಡೇ ತುಂಡಾದ ನಡುಭಾಗದ ಮುರಿತಕ್ಕೆ ನೈಲ್ ಹೇಳಿ ಮಾಡಿಸಿದ್ದು. ಮೂರು ನಾಲ್ಕು ಚೂರಾಗಿದ್ದರೆ ಕಷ್ಟ. ನೈಲ್ ಮೂಳೆಯನ್ನು ಸಾಲಿನಲ್ಲಿ ನಿಲ್ಲಿಸುತ್ತದೆಯೇ ಹೊರತು ಉದ್ದವನ್ನು ಕಾಯುವುದಿಲ್ಲ, ತಿರುಚುವುದನ್ನೂ ಅಷ್ಟಾಗಿ ತಡೆಯುವುದಿಲ್ಲ. ನಡುವೆ ಆನಿಕೆಗೆ ಗಟ್ಟಿ ತುದಿಗಳಿಲ್ಲದಿದ್ದರೆ ಮಡಚುವ ಕೊಡೆಯ ಕಾವಿನಂತೆ ತುಂಡುಗಳು ರಾಡಿನ ಮೇಲೆ ಒಳಗೊಳಗೇ ಜಾರಿ ಗಿಡ್ಡವಾಗುತ್ತವೆ, ರಾಡಿನ ತುದಿ ಎದೆಯ ಬಳಿ ಚರ್ಮ ತಳ್ಳಿಕೊಂಡು ಹೊರಗೆ ಬರುತ್ತದೆ. ನೈಲ್ ಹಾಕಿದವರು ಹೇಳುವ ದೂರುಗಳಲ್ಲಿ ಇದೇ ಮೊದಲನೆಯದು.

ಎರಡನೆಯದು ಚರ್ಮದಡಿ ತೂರಿಸುವ ಪ್ಲೇಟ್. ಮಾಮೂಲಿ ಪ್ಲೇಟಿಗೆ ಎಂಟು-ಹತ್ತು ಸೆಂ.ಮೀ. ಉದ್ದ ಬಿಚ್ಚುತ್ತಾರೆ. ಇದರಲ್ಲಿ ಮುರಿದ ಜಾಗದ ಆಚೀಚೆ ಎರಡು-ಮೂರು ಸೆಂ.ಮೀ.ನ ಎರಡು ಗಾಯ ಮಾಡಿ, ಮೂಳೆಯ ಆಕಾರಕ್ಕೆ ಮೊದಲೇ ಬಾಗಿಸಿದ ಲಾಕಿಂಗ್ ಪ್ಲೇಟನ್ನು (ಸ್ಕ್ರೂ ತಲೆ ಪ್ಲೇಟಿಗೇ ಕಚ್ಚಿ ನಿಲ್ಲುವಂಥದ್ದು) ಒಂದು ಗಾಯದಿಂದ ಇನ್ನೊಂದಕ್ಕೆ ತೂರಿಸಿ, ಪ್ರತಿ ಕಡೆ ಕನಿಷ್ಠ ಮೂರು ಸ್ಕ್ರೂ ಬಿಗಿಯುತ್ತಾರೆ. ಚೂರಾದ ಮೂಳೆಗೆ ಇದೇ ವಾಸಿ, ಏಕೆಂದರೆ ಚೂರುಗಳನ್ನು ಮುಟ್ಟದೆ ಸೇತುವೆಯಾಗಿ ನಿಂತು ಉದ್ದವನ್ನು ಕಾಯುತ್ತದೆ. ಕಾಲರ್‌ಬೋನಿನ ಮೇಲೆ ಅಡ್ಡ ಹಾಯ್ದು ಎದೆಯ ಚರ್ಮಕ್ಕೆ ಇಳಿಯುವ ಸಣ್ಣ ನರಗಳಿವೆ. ಉದ್ದ ಗಾಯದಲ್ಲಿ ಇವು ಕತ್ತರಿಸಿಹೋಗಿ ಎದೆಯ ಮೇಲ್ಭಾಗ ಮರಗಟ್ಟುತ್ತದೆ. ಎರಡು ಸಣ್ಣ ಗಾಯದಲ್ಲಿ ಅವು ಉಳಿಯುವ ಅವಕಾಶ ಹೆಚ್ಚು, ಪೂರ್ತಿ ಖಾತ್ರಿ ಏನಿಲ್ಲ. ಇದರ ಕೊರತೆಯೂ ಕೇಳಿ: ಸರ್ಜನ್ನಿಗೆ ಮುರಿದ ಜಾಗ ಕಣ್ಣಿಗೆ ಕಾಣುವುದಿಲ್ಲ, ಎಲ್ಲವನ್ನೂ ಎಕ್ಸ್-ರೇ ಪರದೆಯ ಮೇಲೆ ನೋಡಿ ಮಾಡಬೇಕು. ಕೈ ಪಳಗದಿದ್ದರೆ ಮೂಳೆ ತಿರುಚಿಕೊಂಡೇ ಬಿಗಿಯಾಗಿಬಿಡಬಹುದು. ನಿಮ್ಮ ಸರ್ಜನ್ ಉದ್ದ ಗಾಯದ ಪ್ಲೇಟನ್ನೇ ಚೆನ್ನಾಗಿ ಮಾಡುವವರಾದರೆ ಸಣ್ಣ ಗಾಯಕ್ಕೆ ಹಟ ಹಿಡಿಯಬೇಡಿ.

ಹೊರತುದಿಯ ಮುರಿತದ ಕತೆ ಬೇರೆ. ಕಾಲರ್‌ಬೋನನ್ನು ಕೆಳಗಿನ ಮೂಳೆಗೆ ಬಿಗಿದಿಡುವ ಕಟ್ಟು ಹರಿದಿದ್ದರೆ ನೈಲ್ ನಿಲ್ಲುವುದಿಲ್ಲ. ಅಲ್ಲಿಗೆ ಕೊಕ್ಕೆಯ ಪ್ಲೇಟ್ ಅಥವಾ ದುರ್ಬೀನು ಹಾಕಿ ಗುಂಡಿ-ದಾರದಿಂದ ಬಿಗಿಯುವ ವಿಧಾನ ಬೇಕು. ಕೊಕ್ಕೆಯ ಪ್ಲೇಟ್ ಭುಜದ ಮೇಲಿನ ಮೂಳೆಯನ್ನು ಸವೆಸುವುದರಿಂದ ಮೂಳೆ ಕೂಡಿದ ಮೇಲೆ ಕೆಲವೇ ತಿಂಗಳಲ್ಲಿ ತೆಗೆಸಲೇಬೇಕು.

ದಿನ ಕಳೆಯಬೇಡಿ

ಸಣ್ಣ ಗಾಯದ ಆಪರೇಷನ್ನಿಗೆ ದೊಡ್ಡ ಶತ್ರು ತಡ. ಮೊದಲ ಏಳರಿಂದ ಹತ್ತು ದಿನದಲ್ಲಿ ತುಂಡುಗಳು ಇನ್ನೂ ಬಿಡಿಯಾಗಿರುತ್ತವೆ, ಹೊರಗಿನಿಂದಲೇ ಹಿಡಿದು ಜೋಡಿಸಬಹುದು. ಎರಡು-ಮೂರು ವಾರ ದಾಟಿದರೆ ತುದಿಗಳ ಸುತ್ತ ಹೊಸ ಮೂಳೆ ಮೆತ್ತಿಕೊಂಡು, ಟೊಳ್ಳಿನ ಬಾಯಿ ಮುಚ್ಚಿಕೊಂಡಿರುತ್ತದೆ. ಆಗ ಬಿಚ್ಚಿ ಕೆರೆದೇ ಜೋಡಿಸಬೇಕು. ಮೂರು ವಾರ ಕಟ್ಟು ಕಟ್ಟಿಸಿ, ಆಮೇಲೆ ಬಂದು ತೂತಿನ ಆಪರೇಷನ್ ಮಾಡಿ ಎಂದರೆ ಯಾವ ಸರ್ಜನ್ನಿಗೂ ಆಗದು.

ಹಾಗೆಂದು ರಾತ್ರೋರಾತ್ರಿ ಘಾಟಿ ಇಳಿಯುವ ಅಗತ್ಯವೂ ಇಲ್ಲ. ತುರ್ತು ಲಕ್ಷಣಗಳಿಲ್ಲದಿದ್ದರೆ ಹತ್ತಿರದ ತಾಲೂಕು ಆಸ್ಪತ್ರೆಯಲ್ಲೋ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲೋ ಎಕ್ಸ್-ರೇ ಮಾಡಿಸಿ, ಸ್ಲಿಂಗ್ ಹಾಕಿಸಿ, ಮೂಳೆ ಡಾಕ್ಟರ ಮಾತು ಕೇಳಿ ಒಂದೆರಡು ದಿನದಲ್ಲಿ ತೀರ್ಮಾನಿಸಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಸಂಪಾಜೆ ಘಾಟಿ ಇಳಿದು ಮಂಗಳೂರು ಅದಕ್ಕಿಂತ ತುಸು ದೂರ. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿ ಮುಚ್ಚುವುದು ಹೊಸದಲ್ಲ, 2018ರಲ್ಲಿ ವಾರಗಟ್ಟಲೆ ಮುಚ್ಚಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸ್ಪತ್ರೆ ಆರಿಸುವಾಗ ಹೊಲಿಗೆ ಬಿಚ್ಚಿಸಲು, ಎಕ್ಸ್-ರೇಗೆ ಮತ್ತೆ ಮತ್ತೆ ಹೋಗಬೇಕೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಡಾಕ್ಟರ ಬಳಿ ಕೇಳಬೇಕಾದದ್ದು ಇಷ್ಟು: ನನ್ನ ಮುರಿತ ಎಷ್ಟು ತುಂಡು, ಎಷ್ಟು ಗಿಡ್ಡ? ಸ್ಲಿಂಗಿನಲ್ಲೇ ಬಿಟ್ಟರೆ ಏನಾಗಬಹುದು? ಥಿಯೇಟರಿನಲ್ಲಿ ಸಿ-ಆರ್ಮ್ (ಆಪರೇಷನ್ ನಡೆಯುತ್ತಿರುವಾಗಲೇ ಪರದೆಯ ಮೇಲೆ ತೋರಿಸುವ ಎಕ್ಸ್-ರೇ ಯಂತ್ರ) ಇದೆಯೇ? ಮುಚ್ಚಿ ಜೋಡಿಸಲು ಆಗದಿದ್ದರೆ ಎಷ್ಟು ಬಿಚ್ಚುತ್ತೀರಿ? ರಾಡ್ ತೆಗೆಸುವ ಖರ್ಚು ಈ ಪ್ಯಾಕೇಜಿನಲ್ಲೇ ಬರುತ್ತದೆಯೇ? ಈ ಕೊನೆಯದನ್ನು ಬಹಳ ಮಂದಿ ಕೇಳುವುದಿಲ್ಲ, ಆರು ತಿಂಗಳ ನಂತರ ಪೇಚಾಡುತ್ತಾರೆ.

ದುಡ್ಡಿನ ಬಾಬ್ತು: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ ಸಿಗುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆಧಾರ್, ರೇಷನ್ ಕಾರ್ಡ್ ಮೊದಲ ದಿನವೇ ಚೀಲಕ್ಕೆ ಹಾಕಿ. ರಸ್ತೆ ಅಪಘಾತವಾದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಕಾನೂನು ದಾಖಲೆ) ಮಾಡಿಸದೆ ಬರಬೇಡಿ, ವಿಮೆಯ ಹಣ ಅದರ ಮೇಲೆ ನಿಂತಿದೆ. ತೋಟದ ಕೆಲಸದಲ್ಲಿ ಬಿದ್ದ ಕಾರ್ಮಿಕರಿಗೆ ಪರಿಹಾರದ ಹಕ್ಕಿದೆ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕೆಲಸದಲ್ಲಿ ಬಿದ್ದದ್ದೆಂದು ತೋಟದ ರೈಟರ್ (ಲೆಕ್ಕ ಬರೆಯುವವರು) ಅಂದೇ ಬರೆದಿಡಲಿ, ಆಸ್ಪತ್ರೆಯ ಚೀಟಿಯಲ್ಲೂ ಅದೇ ಬರಲಿ.

ಆಪರೇಷನ್ನಿನ ಹಿಂದಿನ ದಿನ

ಗಟ್ಟಿ ಆಹಾರ ಆರು ಗಂಟೆ ಮೊದಲು ನಿಲ್ಲಬೇಕು. ಪಂದಿಕರಿಯಂಥ ಜಿಡ್ಡಿನ ಊಟವಾಗಿದ್ದರೆ ಎಂಟು ಗಂಟೆ. ಬರೀ ನೀರು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಆಹಾರದ ಲೆಕ್ಕಕ್ಕೆ.

ಅರಿವಳಿಕೆ ಡಾಕ್ಟರಿಗೆ ಮೂರು ವಿಷಯ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳ ಹೆಸರು ಹೇಳಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದು ಬಾಯಿ ಪೂರ್ತಿ ತೆರೆಯದಿದ್ದರೆ ತಿಳಿಸಿ. ಉಸಿರಿನ ನಳಿಗೆ ಹಾಕುವುದು ಅವರಿಗೆ ಕಷ್ಟವಾಗುತ್ತದೆ, ಮೊದಲೇ ಗೊತ್ತಿದ್ದರೆ ಬೇರೆ ಸಿದ್ಧತೆ ಮಾಡಿಕೊಳ್ಳುತ್ತಾರೆ. ದಿನಾ ಕುಡಿಯುವವರಾದರೆ ಎಷ್ಟು ಎಂಬುದನ್ನು ನಿಜ ಹೇಳಿ. ತಟ್ಟನೆ ನಿಂತ ಎರಡು-ಮೂರನೇ ದಿನ ನಡುಕ, ಗೊಂದಲ ಶುರುವಾಗಿ ಸ್ಲಿಂಗ್ ಕಿತ್ತೆಸೆದವರ ಮೂಳೆ ಮತ್ತೆ ಜಾರುತ್ತದೆ. ಮೊದಲೇ ತಿಳಿದರೆ ಅದಕ್ಕೂ ಔಷಧವಿದೆ. ಎದೆ, ಕಂಕುಳನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಿಕೊಂಡು ಹೋಗಬೇಡಿ. ಸಣ್ಣ ಗೀರುಗಳೇ ಸೋಂಕಿನ ದಾರಿ.

ಥಿಯೇಟರಿನಲ್ಲಿ ನಡೆಯುವುದು

ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ. ಕೆಲವೆಡೆ ಕುತ್ತಿಗೆಯ ಬಳಿ ನರಗಳಿಗೆ ಚುಚ್ಚುಮದ್ದು ಕೊಟ್ಟು ಮಾಡುತ್ತಾರೆ. ಗಾಯ ಮಾಡುವ ಮೊದಲಿನ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ರಕ್ತಕ್ಕೆ ಹೋಗಬೇಕು. ಅಂಗಾತ ಮಲಗಿಸಿ, ಎರಡು ಹೆಗಲ ಹಲಗೆಗಳ ನಡುವೆ ಸುತ್ತಿದ ಟವೆಲ್ ಇಡುತ್ತಾರೆ. ಹೆಗಲು ಹಿಂದಕ್ಕೆ ಬಿದ್ದು ಗಿಡ್ಡವಾದ ಮೂಳೆ ಅರ್ಧ ಅಲ್ಲೇ ಉದ್ದವಾಗುತ್ತದೆ. ಸಿ-ಆರ್ಮ್ ಅನ್ನು ತಲೆಯ ಕಡೆಗೂ ಕಾಲಿನ ಕಡೆಗೂ ಓರೆ ಮಾಡಿ ಎರಡೂ ನೋಟ ಸರಿಯಾಗಿ ಕಾಣುತ್ತದೆ ಎಂದು ಬಟ್ಟೆ ಹೊದಿಸುವ ಮುಂಚೆಯೇ ನೋಡಿಕೊಳ್ಳುವುದು ಒಳ್ಳೆಯ ತಂಡದ ಗುರುತು.

ನೈಲ್ ಆದರೆ, ಎದೆಮೂಳೆಯ ಕೀಲಿನಿಂದ ಒಂದೂವರೆ-ಎರಡು ಸೆಂ.ಮೀ. ಹೊರಗೆ ಮೂಳೆಯ ಮುಂಗೋಡೆಯಲ್ಲಿ ಮಾತ್ರ ತೂತು. ಡ್ರಿಲ್ ಹಿಂಗೋಡೆ ದಾಟಿದರೆ ಅಲ್ಲಿ ದೊಡ್ಡ ರಕ್ತನಾಳವಿದೆ, ಈ ಆಪರೇಷನ್ನಿನಲ್ಲಿ ಉಸಿರು ಬಿಗಿಹಿಡಿಯುವ ಕ್ಷಣ ಇದೇ. ಬಾಗಿದ ತುದಿಯ ನೈಲನ್ನು ಕೈಹಿಡಿಯಿಂದ ಅತ್ತಿತ್ತ ತಿರುಗಿಸುತ್ತ ಮುಂದೆ ಸರಿಸುತ್ತಾರೆ. ಸುತ್ತಿಗೆಯಿಂದ ಬಡಿದರೆ ಬಾಗಿನಲ್ಲಿ ಗೋಡೆ ಒಡೆದು ಹೊರಬರುತ್ತದೆ. ಮುರಿದ ಜಾಗಕ್ಕೆ ಬಂದಾಗ ಚರ್ಮದ ಮೇಲಿಂದಲೇ ಚೂಪು ಚಿಮಟದಿಂದ ಎರಡೂ ತುಂಡು ಹಿಡಿದು ಬಾಯಿಗೆ ಬಾಯಿ ಕೂಡಿಸಿ ದಾಟಿಸುತ್ತಾರೆ.

ಎಲ್ಲ ಸಲವೂ ಇದು ಆಗುವುದಿಲ್ಲ. ನಡುವೆ ಸ್ನಾಯು ಸಿಕ್ಕಿಕೊಂಡಿದ್ದರೆ ಎಷ್ಟು ಎಳೆದಾಡಿದರೂ ಕೂಡದು. ಆಗ ಅಲ್ಲೇ ಎರಡು-ಮೂರು ಸೆಂ.ಮೀ. ಬಿಚ್ಚಿ ಕಣ್ಣಾರೆ ನೋಡಿ ಜೋಡಿಸುವುದೇ ವಿವೇಕ. ಎರಡು ಗಾಯ ಕಂಡು ಆಪರೇಷನ್ ಕೆಟ್ಟಿತೆಂದು ಗಾಬರಿಯಾಗಬೇಡಿ; ತೂತಿನ ಹಟಕ್ಕೆ ಬಿದ್ದು ಒಂದು ಗಂಟೆ ಎಕ್ಸ್-ರೇ ಕಿರಣ ಹಾಯಿಸಿ ರಾಡನ್ನು ಅಡ್ಡಾದಿಡ್ಡಿ ಚುಚ್ಚುವುದಕ್ಕಿಂತ ಅದು ಎಷ್ಟೋ ಮೇಲು. ಕೊನೆಗೆ ಎದೆಯ ಬಳಿ ಹೊರಗುಳಿದ ನೈಲಿನ ತುದಿಯನ್ನು ಮೂಳೆಯ ಹತ್ತಿರಕ್ಕೆ ಕತ್ತರಿಸಿ ಚರ್ಮದಡಿ ಹುದುಗಿಸುತ್ತಾರೆ. ಉದ್ದ ಬಿಟ್ಟರೆ ಚುಚ್ಚುತ್ತದೆ, ತೀರಾ ಗಿಡ್ಡ ಮಾಡಿದರೆ ತೆಗೆಯುವಾಗ ಇಕ್ಕಳಕ್ಕೆ ಸಿಗುವುದಿಲ್ಲ.

ಸಾಮಾನ್ಯವಾಗಿ ಮರುದಿನ ಅಥವಾ ಅದರ ಮರುದಿನ ಮನೆಗೆ. ಬಿಡುಗಡೆ ಚೀಟಿಯಲ್ಲಿ ರಾಡ್ ಅಥವಾ ಪ್ಲೇಟಿನ ಕಂಪನಿ, ಲೋಹ, ಅಳತೆಯ ಸ್ಟಿಕ್ಕರ್ ಅಂಟಿಸಿಕೊಳ್ಳಿ. ಬೇರೆ ಊರಿನಲ್ಲಿ ತೆಗೆಸಬೇಕಾದಾಗ ಯಾವ ಸ್ಕ್ರೂಡ್ರೈವರ್ ಬೇಕೆಂದು ತಿಳಿಯುವುದು ಅದರಿಂದ. ಮುಂದೆ ಎಂಆರ್‌ಐ ಮಾಡಿಸಬೇಕಾದರೂ ಅದನ್ನು ತೋರಿಸಿ.

ಮನೆಯಲ್ಲಿ: ನೋವಿಲ್ಲ ಎಂಬುದೇ ಅಪಾಯ

ನೈಲ್ ಹಾಕಿದವರಿಗೆ ನಾಲ್ಕೈದು ದಿನದಲ್ಲಿ ನೋವು ಬಹಳ ತಗ್ಗುತ್ತದೆ. ಮೂಳೆ ಕೂಡಿತೆಂದು ಕೈಯೆತ್ತಲು ಶುರು ಮಾಡುತ್ತಾರೆ. ಕೂಡಿರುವುದಿಲ್ಲ, ರಾಡ್ ಹಿಡಿದಿರುತ್ತದೆ ಅಷ್ಟೇ. ತೋಳು ಭುಜದ ಮಟ್ಟ ದಾಟಿ ಮೇಲೆದ್ದಾಗ ಕಾಲರ್‌ಬೋನ್ ತನ್ನ ಉದ್ದದ ಸುತ್ತ ತಿರುಗುತ್ತದೆ. ದಿನಕ್ಕೆ ನೂರು ಸಲ ತಿರುಚಿಸಿಕೊಂಡ ಎರಡೂವರೆ ಮಿ.ಮೀ. ರಾಡ್ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಆದ್ದರಿಂದ ಮೊದಲ ಆರು ವಾರ ಮೊಣಕೈ ಭುಜದ ಮಟ್ಟ ದಾಟಬಾರದು. ಪ್ಲೇಟ್ ಹಾಕಿದವರಿಗೆ ಡಾಕ್ಟರು ಇದನ್ನು ಸಡಿಲಿಸಬಹುದು.

ಸ್ಲಿಂಗ್ ಎರಡು ವಾರ, ಹೊರಗೆ ಹೋಗುವಾಗ ಇನ್ನೂ ಒಂದೆರಡು ವಾರ. ಬೆರಳು, ಮಣಿಕಟ್ಟು, ಮೊಣಕೈಯನ್ನು ಮೊದಲ ದಿನದಿಂದಲೇ ದಿನಕ್ಕೆ ನಾಲ್ಕೈದು ಬಾರಿ, ಹತ್ತು ಹತ್ತು ಸಲ ಮಡಿಸಿ ಬಿಡಿಸಿ. ಎರಡನೇ ದಿನದಿಂದ ತೂಗುವ ವ್ಯಾಯಾಮ: ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಸೊಂಟದಿಂದ ಬಾಗಿ, ತೋಳನ್ನು ಸಡಿಲ ಬಿಟ್ಟು ನೆಲದ ಮೇಲೆ ಊಟದ ತಟ್ಟೆಯಷ್ಟು ಅಗಲದ ವೃತ್ತ ಬರೆದಂತೆ ಒಂದೆರಡು ನಿಮಿಷ ತಿರುಗಿಸಿ, ದಿನಕ್ಕೆ ಮೂರು ಬಾರಿ. ತಿರುಗಿಸುವುದು ಮೈ, ತೋಳು ಸುಮ್ಮನೆ ಹಿಂಬಾಲಿಸಬೇಕು. ಆರು ವಾರದ ಎಕ್ಸ್-ರೇಯಲ್ಲಿ ಹೊಸ ಮೂಳೆ ಕಂಡರೆ ತಲೆಯ ಮೇಲಿನವರೆಗೆ ಎತ್ತಬಹುದು, ಆಮೇಲೆ ಅರ್ಧ-ಒಂದು ಕಿಲೋ ತೂಕ.

ಮಲಗುವಾಗ ಮೊದಲ ವಾರ ಎರಡು-ಮೂರು ದಿಂಬಿಗೆ ಒರಗಿ, ಮೊಣಕೈಯ ಕೆಳಗೂ ಒಂದು ದಿಂಬಿಡಿ. ಅಂಗಿ ಹಾಕುವಾಗ ಪೆಟ್ಟಾದ ಕೈ ಮೊದಲು ತೋಳಿಗೆ ಹೋಗಲಿ, ತೆಗೆಯುವಾಗ ಕೊನೆಗೆ ಬರಲಿ. ಟೀ ಶರ್ಟಿನ ಆಸೆ ಬಿಡಿ. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗುವುದೇ ದುಸ್ತರ. ಒದ್ದೆ ಸ್ಲಿಂಗ್ ಕಟ್ಟಿಕೊಂಡು ಕಂಕುಳಲ್ಲಿ ಹುಳುಕಡ್ಡಿಯಾಗಿ, ಗಾಯ ಚೆನ್ನಾಗಿದ್ದೂ ತುರಿಕೆಗೆ ನಿದ್ದೆ ಕೆಡುವವರು ಬಹಳ. ಎರಡು ಸ್ಲಿಂಗ್ ಇಟ್ಟುಕೊಳ್ಳಿ, ದಿನಾ ಬಾಗಿ ನಿಂತು ತೋಳು ಜೋತುಬಿಟ್ಟಾಗ ಕಂಕುಳನ್ನು ಒರೆಸಿ ಒಣಗಿಸಿ, ಒಣ ಹತ್ತಿ ಬಟ್ಟೆ ಇಡಿ. ಹೊಲಿಗೆ 10ರಿಂದ 14ನೇ ದಿನ ಬಿಚ್ಚುತ್ತಾರೆ. ಅಲ್ಲಿಯವರೆಗೆ ಗಾಯಕ್ಕೆ ನೀರು ತಾಗಬಾರದು. ಜ್ವರ, ಗಾಯದಿಂದ ಕೀವು, ಹೆಚ್ಚುತ್ತ ಹೋಗುವ ನೋವು, ತೋಳು ಪೂರ್ತಿ ಊದುವುದು, ಉಸಿರಾಟದ ತೊಂದರೆ ಕಂಡರೆ ತಾರೀಖಿಗೆ ಕಾಯದೆ ಹೋಗಿ. ಟಕ್ ಎಂದು ಸದ್ದಾಗಿ ಹೆಗಲ ಆಕಾರ ಬದಲಾದರೂ ಅಷ್ಟೇ.

ಕೆಲಸಕ್ಕೆ ಮರಳುವುದು ಕೆಲಸದ ಬಗೆಯ ಮೇಲೆ. ಮೇಜಿನ ಕೆಲಸ ಎರಡು ವಾರಕ್ಕೆ. ಕಾರು, ಬೈಕ್ ಆರು ವಾರಕ್ಕೆ ಮುಂಚೆ ಬೇಡ. ಬಲಹೆಗಲು ಮುರಿದವರಿಗೆ ಚಾಲಕನ ಸೀಟಿನ ಬೆಲ್ಟ್ ಸರಿಯಾಗಿ ಮುರಿದ ಜಾಗದ ಮೇಲೇ ಹಾಯುತ್ತದೆ, ಪಕ್ಕದ ಸೀಟಿನ ಬೆಲ್ಟ್ ಎಡಹೆಗಲ ಮೇಲೆ. ಬೆಲ್ಟ್ ಬಿಡದೆ, ಕೆಳಗೆ ಮೆತ್ತನೆ ಬಟ್ಟೆ ಇಟ್ಟುಕೊಳ್ಳಿ. ಬೆನ್ನಿಗೆ ಹಾಕುವ ಸ್ಪ್ರೇಯರ್ ತುಂಬಿದರೆ 16 ಕಿಲೋಗೂ ಮೇಲೆ, ಅದರ ಪಟ್ಟಿ, ಕಳೆ ಕತ್ತರಿಸುವ ಯಂತ್ರದ ಪಟ್ಟಿ ಎರಡೂ ಕಾಲರ್‌ಬೋನನ್ನೇ ಒತ್ತುತ್ತವೆ. ಬೋರ್ಡೋ (ಶಿಲೀಂಧ್ರ ರೋಗಕ್ಕೆ ಹೊಡೆಯುವ ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುವ ಸಮಯ ಬಂತೆಂದು ಎಂಟನೇ ವಾರದಲ್ಲಿ ಹೆಗಲಿಗೇರಿಸಬೇಡಿ. ಏಣಿ, ಮರಗಸಿ, ಹಾಕಿಗೆ ಎಕ್ಸ್-ರೇಯಲ್ಲಿ ಪೂರ್ತಿ ಕೂಡಿದ ಮೇಲೆ, ಮೂರರಿಂದ ನಾಲ್ಕು ತಿಂಗಳು. ಕೋವಿ ಹಿಡಿಯುವವರು ಇನ್ನೂ ತಡೆಯಿರಿ: ಹಿಂದೊದೆತ ಬೀಳುವ ಜಾಗ ಪ್ಲೇಟಿನ ಕೆಳ ಅಂಚಿಗೆ ತೀರಾ ಹತ್ತಿರ.

ರಾಡ್ ತೆಗೆಸುವುದು

ನೈಲನ್ನು ಸಾಮಾನ್ಯವಾಗಿ ತೆಗೆಸಬೇಕು, ಮೂಳೆ ಕೂಡಿದ್ದು ಎಕ್ಸ್-ರೇಯಲ್ಲಿ ಖಾತ್ರಿಯಾದ ಮೇಲೆ, ಬಹುತೇಕರಿಗೆ ಆರು ತಿಂಗಳ ಹೊತ್ತಿಗೆ. ಹಳೆಯ ಗಾಯದಿಂದಲೇ ತೆಗೆಯುತ್ತಾರೆ, ಹೆಚ್ಚಾಗಿ ಅಂದೇ ಮನೆಗೆ. ತುದಿ ಚುಚ್ಚುತ್ತದೆ ಎಂದು ಮೂರನೇ ತಿಂಗಳಿಗೇ ಒತ್ತಾಯ ಮಾಡಿ ತೆಗೆಸಿಕೊಂಡರೆ ಮೂಳೆ ಮತ್ತೆ ಮುರಿಯಬಹುದು. ಅಷ್ಟು ತೊಂದರೆಯಾದರೆ ತುದಿಯನ್ನಷ್ಟೇ ಇನ್ನೂ ಗಿಡ್ಡ ಕತ್ತರಿಸಲು ಕೇಳಿ. ಹಾಗೇ ವರ್ಷಗಟ್ಟಲೆ ಮರೆತರೆ ತುದಿಯ ಮೇಲೆ ಮೂಳೆ ಬೆಳೆದು ಹುಡುಕುವುದೇ ಕೆಲಸವಾಗುತ್ತದೆ. ಪ್ಲೇಟ್ ತೊಂದರೆ ಕೊಡದಿದ್ದರೆ ಇರಲಿ. ಸಣಕಲು ಮೈಯವರಿಗೆ ಚೀಲದ ಪಟ್ಟಿ ಒತ್ತಿ ನೋಯುತ್ತದೆ, ಅವರು ವರ್ಷ-ಒಂದೂವರೆ ವರ್ಷದ ನಂತರ ತೆಗೆಸಬಹುದು. ಸ್ಕ್ರೂ ತೆಗೆದ ತೂತುಗಳು ತುಂಬುವವರೆಗೆ, ಕನಿಷ್ಠ ಆರರಿಂದ ಎಂಟು ವಾರ, ಮೂಟೆ ಹೊರುವುದು, ಏಣಿ ಹತ್ತುವುದು ಬೇಡ. ತೆಗೆಸುವ ದಿನವನ್ನು ಕಾಫಿ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮುಂಚೆ ಗೊತ್ತು ಮಾಡಿಕೊಂಡರೆ ಕೂಲಿಯೂ ತಪ್ಪದು, ಘಾಟಿಯೂ ತೆರೆದಿರುತ್ತದೆ.